ತಾಮ್ರದ ಕೊಳವೆಗೊಂದು ಹೊದಿಕೆ

ಹವಾನಿಯಂತ್ರಣವೆಂಬುದು ಒಂದು ಕಾಲಕ್ಕೆ ಮೈಸೂರು ಬೆಂಗಳೂರುಗಳ ದೊಡ್ಡ ಚಿತ್ರಮಂದಿರಗಳ ಮಾತಾಗಿತ್ತು. ಇಂದು ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವವರು ಹಂಗಳದಲ್ಲಿ ತಲೆಯೆತ್ತಿ ನೋಡಿದರೆ, ತಾರಸಿ ಮನೆಗಳ ಗೋಡೆಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿಯ ಪೆಟ್ಟಿಗೆ ಫ್ಯಾನು ತಿರುಗಿಸುತ್ತ ಕುಳಿತಿರುವುದು ಕಾಣುತ್ತದೆ. "ಬೆಟ್ಟದ ಬುಡದಲ್ಲಿ ಇದ್ದುಕೊಂಡು ಇದೇತಕ್ಕೆ?" ಎಂದು ಹಿರಿಯರು ನಗುವುದುಂಟು. ಅದು ನಾಡಹೆಂಚಿನ ಕೆಳಗೆ ಬೆಳೆದವರ ನಗು. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಕಾಂಕ್ರೀಟಿನ ತಾರಸಿಯ ಕೆಳಗೆ ಮಲಗಿ ನೋಡಿದವರು ಆ ಪ್ರಶ್ನೆಯನ್ನು ಕೇಳಲಾರರು. ಇರಲಿ, ಯಂತ್ರ ಬೇಕೆ ಬೇಡವೆ ಎಂಬುದು ಇಲ್ಲಿಯ ವಿಷಯವಲ್ಲ. ಆ ಪೆಟ್ಟಿಗೆಯಿಂದ ಹೊರಟು ಗೋಡೆಯನ್ನು ಹಿಡಿದು ಮನೆಯೊಳಕ್ಕೆ ಹೋಗುವ ಕೊಳವೆಗಳ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಯಂತ್ರವನ್ನು ಕೊಳ್ಳುವಾಗ ಅದರ ನಕ್ಷತ್ರಗಳನ್ನು ಎಣಿಸುವ ನಾವು ಈ ಕೊಳವೆಗಳ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಕೊಳವೆಯ ಪುರಾಣವೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಬೇಸಗೆಯ ರಜೆಯಲ್ಲಿ ಈ ಯಂತ್ರಗಳನ್ನು ಕೂರಿಸುವವರ ಜೊತೆ ಕೂಲಿಗೆ ಹೋಗುವ ಹುಡುಗರು ನಮ್ಮಲ್ಲಿಯೇ ಇದ್ದಾರೆ. ವಿದ್ಯುತ್ತಿನ ಬಿಲ್ಲು ಬಂದಾಗ ಮನೆಯವರಿಗೆ ಓದಿ ಹೇಳಬೇಕಾದವರೂ ಅವರೇ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಏಕೆ? ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದ ಕಿತ್ತುಕೊಳ್ಳುತ್ತದೆ. ಈ ಯಂತ್ರವೂ ಅದೇ ಹೂಜಿ. ಆದರೆ ನೀರಿನ ಬದಲು ಬಲು ಬೇಗ ಆವಿಯಾಗುವ ಒಂದು ಶೀತಕವನ್ನು ಇದರಲ್ಲಿ ತುಂಬಿರುತ್ತಾರೆ. ಈಗಿನ ಮನೆಯ ಯಂತ್ರಗಳಲ್ಲಿ ಬಹಳವಾಗಿ ಕಾಣುವ ಆರ್-32 ಎಂಬ ಶೀತಕವು ಬಯಲಿನ ಒತ್ತಡದಲ್ಲಿ ಸೊನ್ನೆಗಿಂತ 52 ಡಿಗ್ರಿ ಕೆಳಗೇ ಕುದಿಯುತ್ತದೆ. ಮನೆಯೊಳಗಿನ ಪೆಟ್ಟಿಗೆಯಲ್ಲಿ ಅದು ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರು ಆ ಆವಿಯನ್ನು ಅದುಮಿ ಬಿಸಿಮಾಡುತ್ತದೆ. ಶಾಖವು ಗಾಳಿಗೆ ಹೋಗಿ ಶೀತಕವು ಮತ್ತೆ ದ್ರವವಾಗುತ್ತದೆ. ಹಳೆಯ ಕಿಟಕಿ ಯಂತ್ರದಲ್ಲಿ ಇವೆಲ್ಲವೂ ಒಂದೇ ಪೆಟ್ಟಿಗೆಯಲ್ಲಿ ನಡೆಯುತ್ತಿದ್ದವು. ಪೆಟ್ಟಿಗೆ ಎರಡಾದಾಗ ನಡುವೆ ಎರಡು ತಾಮ್ರದ ಕೊಳವೆಗಳು ಬೇಕಾದವು. ಒಂದು ಸಪೂರ, ಸಾಮಾನ್ಯವಾಗಿ ಕಾಲು ಅಂಗುಲದ್ದು. ಅದರಲ್ಲಿ ಶೀತಕ ಒಳಕ್ಕೆ ಹೋಗುತ್ತದೆ. ಇನ್ನೊಂದು ದಪ್ಪ, ಅರ್ಧ ಅಂಗುಲದಷ್ಟು. ಅದರಲ್ಲಿ ಆವಿ ಹೊರಕ್ಕೆ ಬರುತ್ತದೆ. ಇವುಗಳ ಜೊತೆಗೆ ವಿದ್ಯುತ್ ತಂತಿ, ಮತ್ತು ಒಳಗೆ ಕೂಡಿದ ನೀರನ್ನು ಹೊರಹಾಕುವ ಒಂದು ಮೆತುವಾದ ಕೊಳವೆ.

ಇನ್ನು ಹೊದಿಕೆಯ ಮಾತು. ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬು ಬೆವರುವುದನ್ನು ಎಲ್ಲರೂ ನೋಡಿದ್ದೇವೆ. ಚೊಂಬು ಸೋರಿದ್ದಲ್ಲ, ಸುತ್ತಣ ಗಾಳಿಯಲ್ಲಿದ್ದ ತೇವವೇ ಅದರ ಮೈಮೇಲೆ ಹನಿಗಟ್ಟಿದ್ದು. ಗಾಳಿಯು ತನ್ನ ತೇವವನ್ನು ಒಂದು ಉಷ್ಣತೆಯವರೆಗೆ ಮಾತ್ರ ಹೊತ್ತುಕೊಂಡಿರಬಲ್ಲುದು. ಅದಕ್ಕಿಂತ ತಣ್ಣಗಾದರೆ ತೇವವನ್ನು ಕೆಳಗೆ ಇಳಿಸಲೇಬೇಕು. ಆ ಎಲ್ಲೆಯನ್ನು ಇಬ್ಬನಿಯ ಬಿಂದು ಎನ್ನುತ್ತಾರೆ. ಇದಕ್ಕೆ ನಮ್ಮ ಕಣ್ಣೆದುರಿನಲ್ಲಿಯೇ ದೊಡ್ಡ ನಿದರ್ಶನವಿದೆ. ಹಂಗಳದಿಂದ ದಾರಿ ತಿರುಗುವ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1454 ಮೀಟರು. ಬಯಲಿನ ಗಾಳಿ ಆ ಬೆಟ್ಟವನ್ನು ಏರುವಾಗ ನೂರು ಮೀಟರಿಗೆ ಸುಮಾರು 1 ಡಿಗ್ರಿಯಂತೆ ತಣ್ಣಗಾಗುತ್ತ ಹೋಗಿ, ಇಬ್ಬನಿಯ ಬಿಂದುವನ್ನು ಮುಟ್ಟಿದೊಡನೆ ಮಂಜಾಗುತ್ತದೆ. ಬೆಟ್ಟಕ್ಕೆ ಹಿಮದ ಹೆಸರನ್ನು ತಂದುಕೊಟ್ಟ ಆ ಮಂಜೂ ಗೋಡೆಯ ಕೊಳವೆಯ ಮೇಲಣ ಹನಿಯೂ ಒಂದೇ ನಿಯಮದ ಮಕ್ಕಳು.

ಇಲ್ಲೊಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾರೆ. ಈ ಯಂತ್ರದ ಮೂಲಪುರುಷನೆನಿಸಿದ ಅಮೆರಿಕದ ವಿಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ತನ್ನ ಮೊದಲ ಯಂತ್ರವನ್ನು ರಚಿಸಿದ. ಅಲ್ಲಿ ಬೇಕಾಗಿದ್ದುದು ಮನುಷ್ಯರಿಗೆ ತಂಪಲ್ಲ. ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದುದಕ್ಕೆ ಪರಿಹಾರ. ಅದೇ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗಿನ ರೈಲು ನಿಲ್ದಾಣದಲ್ಲಿ ಮಂಜು ಕವಿದಿದ್ದಾಗ, ಇಬ್ಬನಿಯ ಬಿಂದುವನ್ನು ಹಿಡಿತಕ್ಕೆ ತೆಗೆದುಕೊಂಡರೆ ಗಾಳಿಯ ತೇವವನ್ನೇ ಹಿಡಿತಕ್ಕೆ ತೆಗೆದುಕೊಂಡಂತೆ ಎಂಬ ವಿಚಾರ ಅವನಿಗೆ ಹೊಳೆಯಿತಂತೆ. ಅದೇ 1902ರಲ್ಲಿಯೇ ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಹರಿಯಿತು. ಯಂತ್ರ ಹುಟ್ಟಿದ್ದು ಅಲ್ಲಿ, ಅದರ ಆಹಾರ ಹರಿದದ್ದು ಇಲ್ಲಿ.

ಲೆಕ್ಕಕ್ಕೆ ಬರೋಣ. ಗಾಳಿ 30 ಡಿಗ್ರಿ ಇದ್ದು ಅದರ ತೇವ ನೂರಕ್ಕೆ 60ರಷ್ಟಿದ್ದರೆ ಇಬ್ಬನಿಯ ಬಿಂದು ಸುಮಾರು 21 ಡಿಗ್ರಿ. ಯಂತ್ರದ ಕೊಳವೆಯೋ 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬರಿಯ ತಾಮ್ರವಾದರೆ ಅದು ಹಗಲೆಲ್ಲ ಬೆವರಿ, ನೀರು ಗೋಡೆಗೆ ಇಳಿದು, ಸುಣ್ಣ ಉಬ್ಬಿ ಪಾಚಿ ಕಟ್ಟುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟ ಕಣ್ಣಿಗೆ ಕಾಣದು: ಕೋಣೆಯಿಂದ ಶಾಖವನ್ನು ಹೊರಬೇಕಾದ ಶೀತಕವು ದಾರಿಯಲ್ಲಿ ಬಿಸಿಲಿನ ಶಾಖವನ್ನು ಹೊರುತ್ತದೆ. ಕಂಪ್ರೆಸರು ದುಡಿಯುತ್ತದೆ, ಕೋಣೆ ತಣಿಯುವುದಿಲ್ಲ, ಬಿಲ್ಲು ಏರುತ್ತದೆ. ಆದುದರಿಂದಲೇ ತಾಮ್ರಕ್ಕೆ ಕಪ್ಪು ರಬ್ಬರಿನ ನೊರೆಯಂತಹ ಅಂಗಿಯನ್ನು ತೊಡಿಸುವುದು. ಅದರೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಸಾವಿರಾರು ಮುಚ್ಚಿದ ಗುಳ್ಳೆಗಳಿವೆ. ಅಲ್ಲಿ ಸಿಕ್ಕಿಬಿದ್ದ ಗಾಳಿಯೇ ನಿಜವಾದ ತಡೆ. ತಾಮ್ರದಲ್ಲಿ ಶಾಖ ಹರಿಯುವ ಸರಾಗವನ್ನು ಅಳೆದರೆ ಅದು ಈ ನೊರೆಯಲ್ಲಿ ಹರಿಯುವುದರ ಹತ್ತು ಸಾವಿರ ಪಟ್ಟಿಗೂ ಹೆಚ್ಚು.

ದಪ್ಪ ಕೊಳವೆಗೆ ಮಾತ್ರ ಅಂಗಿ ಸಾಕು, ಸಪೂರದ್ದು ಹಾಗೆಯೇ ಇರಲಿ ಎಂದು ಹೇಳುವವರಿದ್ದಾರೆ. ದೊಡ್ಡ ಶೀತಲಗೃಹಗಳ ಮಟ್ಟಿಗೆ ಅದು ನಿಜವಾಗಿರಬಹುದು. ಆದರೆ ಮನೆಯ ಯಂತ್ರಗಳಲ್ಲಿ ಒತ್ತಡವನ್ನು ಇಳಿಸುವ ಸಾಧನವು ಸಾಮಾನ್ಯವಾಗಿ ಹೊರಪೆಟ್ಟಿಗೆಯಲ್ಲಿಯೇ ಇರುವುದರಿಂದ ಸಪೂರ ಕೊಳವೆಯೂ ತಣ್ಣಗಿರುತ್ತದೆ. ಎರಡಕ್ಕೂ ಬೇರೆ ಬೇರೆ ಅಂಗಿ ಬೇಕು. ಎರಡನ್ನೂ ಸೇರಿಸಿ ಒಂದೇ ಅಂಗಿಯೊಳಗೆ ತುರುಕುವುದು ಕಂಜೂಸುತನ.

ಅಂಗಿ ತೊಡಿಸಿದ ಮೇಲೆ ಕೆಲಸ ಮುಗಿಯಿತೆಂದು ನಮ್ಮವರು ಏಣಿ ಇಳಿಯುತ್ತಾರೆ. ನಿಜವಾದ ಕಥೆ ಆರಂಭವಾಗುವುದೇ ಅಲ್ಲಿ. ಈ ನೊರೆರಬ್ಬರಿಗೆ ಬಿಸಿಲಿನಷ್ಟು ದೊಡ್ಡ ಶತ್ರು ಇಲ್ಲ. ಸೂರ್ಯನ ನೇರಳಾತೀತ ಕಿರಣಗಳು ಅದರ ಅಣುಗಳ ಸರಪಣಿಯನ್ನು ಕಡಿಯುತ್ತವೆ. ಮೊದಲು ಮೈ ಬೂದಿಬಣ್ಣಕ್ಕೆ ತಿರುಗುತ್ತದೆ, ಅನಂತರ ಬಿರುಕು ಬಿಡುತ್ತದೆ, ಕೊನೆಗೆ ಕೈಯಿಂದ ತಿಕ್ಕಿದರೆ ಪುಡಿಯಾಗಿ ಉದುರುತ್ತದೆ. ಹಂಗಳವು ಸಮುದ್ರಮಟ್ಟಕ್ಕೆ ಎಂಟುನೂರು ಮೀಟರಿಗೂ ಮೇಲಿದೆ. ಎತ್ತರ ಸಾವಿರ ಮೀಟರು ಏರಿದಂತೆ ಈ ಕಿರಣಗಳ ತೀಕ್ಷ್ಣತೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಗಾಳಿ ತಂಪೆಂದು ಬಿಸಿಲೂ ಸಾಧುವೆಂದು ತಿಳಿಯಬಾರದು. "ನಮ್ಮದು ಉತ್ತರದ ಗೋಡೆ, ಅಲ್ಲಿ ಬಿಸಿಲೆಲ್ಲಿ?" ಎನ್ನುವ ಸಮಾಧಾನವೂ ಇಲ್ಲಿ ನಡೆಯದು. ಹನ್ನೊಂದೂಮುಕ್ಕಾಲು ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಸೂರ್ಯನು ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ನಡುನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದಲ್ಲಿ ಉತ್ತರದ ಕಡೆಯಲ್ಲಿಯೇ ಇರುತ್ತಾನೆ. ನಾಲ್ಕು ತಿಂಗಳು ಉತ್ತರದ ಗೋಡೆಯೂ ಬಿಸಿಲಿನ ಗೋಡೆಯೇ.

ಬಿರುಕಿನಲ್ಲಿ ಮಳೆಯ ನೀರು ಸೇರಿತೆಂದರೆ ಕೆಟ್ಟಿತು. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಹರಿಸುತ್ತದೆ. ನೆನೆದ ಅಂಗಿ ಇದ್ದೂ ಇಲ್ಲದಂತೆ. ಬಂಡೀಪುರದ ಕಾಡಿನ ಸೆರಗಿನ ಊರುಗಳಲ್ಲಿ ಇದರ ಮೇಲೆ ಇನ್ನೊಂದು ತೊಡಕು: ಕೋತಿಗಳು. ಸಡಿಲವಾಗಿ ನೇತಾಡುವ ಯಾವ ಪಟ್ಟಿಯನ್ನೂ ಅವು ಎಳೆಯದೆ ಬಿಡವು. ಅಳಿಲು ನೊರೆಯನ್ನು ಕಚ್ಚಿ ಗೂಡಿಗೆ ಒಯ್ಯುತ್ತದೆ. ಮನೆಗೆ ಅಂಟಿಕೊಂಡೇ ದನದ ಕೊಟ್ಟಿಗೆಯಿದ್ದರೆ ಇನ್ನೂ ಒಂದು ಎಚ್ಚರ ಬೇಕು. ಗಂಜಲದಿಂದ ಏಳುವ ಅಮೋನಿಯ ತಾಮ್ರವನ್ನು ತಿನ್ನುತ್ತದೆ, ಕೊಳವೆಯ ತುದಿಯ ಹಿತ್ತಾಳೆಯ ತಿರುಪುಗಳನ್ನು ಸೀಳಿಸಲೂಬಲ್ಲುದು. ಕೊಟ್ಟಿಗೆಯ ಕಡೆಯ ಗೋಡೆಯನ್ನು ಬಿಟ್ಟು ಬೇರೆ ದಾರಿ ನೋಡುವುದೇ ಲೇಸು.

ಹಾಗಾದರೆ ಅಂಗಿಯ ಮೇಲೆ ಯಾವ ಹೊದಿಕೆ? ಅಗ್ಗವಾದದ್ದು ಬಿಳಿಯ ಪ್ಲಾಸ್ಟಿಕ್ ಪಟ್ಟಿ. ಸುತ್ತುವುದು ಸುಲಭ, ನೋಡುವುದಕ್ಕೂ ಚೊಕ್ಕಟ. ಆದರೆ ಅದೂ ಬಿಸಿಲಿಗೆ ಗರಿಗರಿಯಾಗಿ ಹರಿಯುತ್ತದೆ, ಆಗಾಗ ಬದಲಾಯಿಸಬೇಕು. ಅಲ್ಯೂಮಿನಿಯಂ ಹಾಳೆಯ ಅಂಟುಪಟ್ಟಿ ಕಿರಣಗಳನ್ನು ಹಿಂದಕ್ಕೆ ಎಸೆಯುತ್ತದೆ. ಬಾಳಿಕೆ ಹೆಚ್ಚು, ಆದರೆ ಕೋತಿಯ ಉಗುರಿಗೆ ನಿಲ್ಲದು. ಗಟ್ಟಿ ಪಿ.ವಿ.ಸಿ.ಯ ಚೌಕದ ಕವಚವನ್ನು ಗೋಡೆಗೆ ತಿರುಪಿನಿಂದ ಬಿಗಿದು, ಕೊಳವೆಗಳನ್ನು ಒಳಗೆ ಮಲಗಿಸಿ, ಮುಚ್ಚಳ ಹಾಕುವುದು ನನ್ನ ಮಟ್ಟಿಗೆ ಇಲ್ಲಿಗೆ ತಕ್ಕ ಉಪಾಯ. ಬಿಸಿಲು ತಾಳುವಂತೆ ತಯಾರಿಸಿದ ಕವಚವನ್ನೇ ಕೇಳಿ ಕೊಳ್ಳಬೇಕು. ಮನೆಯೊಳಗಿನ ತಂತಿಗೆ ಬಳಸುವ ತೆಳುವಾದ ಪಟ್ಟಿ ಹೊರಗೆ ಬಾಳದು. ಕೈಯಲ್ಲಿ ಹಣ ಕಡಮೆಯಿದ್ದರೆ ನೀರು ಹೋಗುವ ಅಗಲದ ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿದರೂ ಆದೀತು. ಅಂದಕ್ಕೆ ಕುಂದು, ಕೆಲಸಕ್ಕಲ್ಲ.

ಪಟ್ಟಿಯನ್ನೇ ಸುತ್ತುವುದಾದರೆ ಹೆಂಚು ಹೊದಿಸುವವರನ್ನು ನೆನೆಯಬೇಕು. ಅವರು ಸೂರಿನ ಅಂಚಿನಿಂದ ಆರಂಭಿಸಿ ಮೇಲಕ್ಕೆ ಹೋಗುತ್ತಾರೆ. ಮೇಲಣ ಹೆಂಚು ಕೆಳಗಿನದರ ಮೇಲೆ ಕೂತು ನೀರು ಜಾರುತ್ತದೆ. ಪಟ್ಟಿಯನ್ನೂ ಕೆಳಗಿನಿಂದ ಮೇಲಕ್ಕೆ, ಒಂದು ಸುತ್ತು ಇನ್ನೊಂದರ ಅರ್ಧವನ್ನು ಮುಚ್ಚುವಂತೆ ಸುತ್ತಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿಯೊಂದು ಸುತ್ತೂ ಮಳೆಗೆ ತೆರೆದ ಒಂದು ಬಾಯಿ. ಕೈಬಲವೆಲ್ಲ ತೋರಿಸಿ ಬಿಗಿಯಲೂ ಬಾರದು: ನೊರೆ ಅದುಮಿ ತೆಳುವಾದರೆ ಗುಳ್ಳೆಗಳ ಗಾಳಿ ಹೋಯಿತು, ತಡೆಯೂ ಹೋಯಿತು. ಅಂಗಿಯ ಸೀಳು ಗೋಡೆಯ ಕಡೆಗಿರಲಿ, ಅದಕ್ಕೆ ಅಂಟು ಹಾಕಿರಲಿ. ಗೋಡೆಯ ರಂಧ್ರವು ಹೊರಗಡೆಗೆ ತುಸು ಇಳಿಜಾರಾಗಿರಬೇಕು. ಕೊಳವೆಯೂ ರಂಧ್ರಕ್ಕಿಂತ ಸ್ವಲ್ಪ ಕೆಳಗೆ ಬಾಗಿ ಅನಂತರ ಒಳಹೊಕ್ಕರೆ, ಅದರ ಮೇಲೆ ಹರಿದು ಬಂದ ಮಳೆನೀರು ಬಾಗಿದಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಉಳಿದ ಸಂದಿಯನ್ನು ಪುಟ್ಟಿಯಿಂದ ಮುಚ್ಚಿದರೆ ಹಲ್ಲಿ ಇರುವೆಗಳಿಗೂ ಪ್ರವೇಶವಿಲ್ಲ.

ಮುಚ್ಚಬಾರದ್ದೂ ಉಂಟು. ಕವಚದ ಕೆಳತುದಿಯನ್ನು ತೆರೆದೇ ಬಿಡಬೇಕು. ಹೇಗೋ ಒಳಹೊಕ್ಕ ನೀರಿಗೆ ಹೊರದಾರಿ ಬೇಡವೆ? ನೀರು ಬಸಿಯುವ ಮೆತು ಕೊಳವೆ ಎಲ್ಲಿಯೂ ಮೇಲೇರದೆ ಇಳಿಯುತ್ತಲೇ ಹೋಗಬೇಕು. ಹೊರಪೆಟ್ಟಿಗೆ ಓಡುತ್ತಿರುವಾಗ ಅದಕ್ಕೆ ಟಾರ್ಪಾಲು ಹೊದಿಸುವುದಂತೂ ಅಡಿಗೆಮನೆಯ ಹೊಗೆಗೂಡಿಗೆ ಗೋಣಿ ತುರುಕಿದಂತೆ. ತಿರುಪಿನ ಕೂಡುಜಾಗಗಳನ್ನು ಮೊದಲು ಸಾಬೂನಿನ ನೊರೆ ಹಚ್ಚಿ ಪರೀಕ್ಷಿಸಿ, ಗುಳ್ಳೆ ಏಳದಿದ್ದರೆ ಮಾತ್ರ ಹೊದಿಸಬೇಕು. ಆತುರದಲ್ಲಿ ಇದನ್ನು ಬಿಡುವವರು ಹಲವರು.

"ಗ್ಯಾಸು ಮುಗಿದಿದೆ, ತುಂಬಿಸಬೇಕು" ಎಂಬ ಮಾತನ್ನು ಪ್ರತಿ ಬೇಸಗೆಯಲ್ಲಿ ಕೇಳುತ್ತೇವೆ, ಹಣವನ್ನೂ ಕೊಡುತ್ತೇವೆ. ಶೀತಕವು ಸೀಮೆಎಣ್ಣೆಯಂತೆ ಉರಿದು ಮುಗಿಯುವ ಪದಾರ್ಥವಲ್ಲ; ಮುಚ್ಚಿದ ದಾರಿಯಲ್ಲಿ ಸುತ್ತುತ್ತಲೇ ಇರತಕ್ಕದ್ದು. ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. 30 ಡಿಗ್ರಿಯಲ್ಲಿ ಯಂತ್ರ ಸುಮ್ಮನೆ ನಿಂತಿದ್ದರೂ ಆರ್-32 ತುಂಬಿದ ಕೊಳವೆಯೊಳಗೆ ವಾತಾವರಣದ ಸುಮಾರು 19 ಪಟ್ಟು ಒತ್ತಡವಿರುತ್ತದೆ. ಕೂದಲೆಳೆಯ ಬಿರುಕು ಸಾಕು. ಸೋರಿದ ಶೀತಕವು, ತೂಕಕ್ಕೆ ತೂಕ ನೋಡಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿನ 675 ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ಹಿಂದಿನ ಆರ್-22 ಓಜೋನ್ ಪದರಕ್ಕೂ ಮುಳ್ಳಾಗಿದ್ದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಿಂದೆ ಸರಿಯುತ್ತಿದೆ. ಈಗಿನ ಜಾತಿಯ ಶೀತಕಗಳ ಬಳಕೆಯನ್ನೂ ತಗ್ಗಿಸಬೇಕೆಂಬ 2016ರ ಕಿಗಾಲಿ ತಿದ್ದುಪಡಿಗೆ ಭಾರತವು 2021ರಲ್ಲಿ ಅನುಮೋದನೆ ನೀಡಿದೆ. ಆದುದರಿಂದ ತುಂಬಿಸುವ ಮೊದಲು "ಸೋರಿದ್ದು ಎಲ್ಲಿ, ತೋರಿಸಪ್ಪ" ಎಂದು ಕೇಳುವ ಹಕ್ಕು ಮನೆಯವರದು.

ಈ ಕೆಲಸಕ್ಕೆ ಜನವರಿ ಫೆಬ್ರವರಿ ತಿಂಗಳು ಒಳ್ಳೆಯ ಕಾಲ. ಹಿಂಗಾರು ಮುಗಿದು ಗೋಡೆ ಒಣಗಿರುತ್ತದೆ, ಯಂತ್ರಕ್ಕೂ ಕೆಲಸವಿರುವುದಿಲ್ಲ, ಕೆಲಸದವರೂ ಸಿಗುತ್ತಾರೆ. ಏಣಿ ಹತ್ತಿ ಕಪ್ಪು ಅಂಗಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು: ಒತ್ತಿದ್ದು ಮತ್ತೆ ಉಬ್ಬಿದರೆ ಹೊದಿಕೆಯನ್ನು ಮಾತ್ರ ಸರಿಪಡಿಸಿದರಾಯಿತು, ಬೆರಳಿಗೆ ಕಪ್ಪು ಪುಡಿ ಹತ್ತಿದರೆ ಅಂಗಿಯನ್ನೇ ಬಿಚ್ಚಿ ಹೊಸದು ತೊಡಿಸಬೇಕು.