ಕಳವಳಕ್ಕೆ ಕೈಯ ಆಸರೆ

ನಮ್ಮ ಮನೆತನಗಳಲ್ಲಿ ಹಸುಗೂಸಿಗೆ ಎಣ್ಣೆ ತಿಕ್ಕುವ ಕೈಗಳಿವೆ. ಬಾಣಂತಿಯ ಸೊಂಟ ನೀವುವ ಕೈಗಳಿವೆ. ನಲವತ್ತು ದಾಟಿದ ಸಂಸಾರಸ್ಥನ ತಲೆಯ ಮೇಲೆ ಕೈಯಿಡುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಪರಿಚಿತ ಮನೆತನದ ಒಬ್ಬ ಬಟ್ಟೆ ವ್ಯಾಪಾರಿಗಳು. ಅವರಿಗೆ ನಡುರಾತ್ರಿ ಎಚ್ಚರವಾಗಿ ಎದೆ ಡವಡವನೆ ಹೊಡೆದುಕೊಳ್ಳುತ್ತಿತ್ತು. ಹೃದಯದಲ್ಲಿ ದೋಷವಿಲ್ಲ, ಇದು ಆತಂಕದ ಕಾಯಿಲೆಯೆಂದು ವೈದ್ಯರು ಔಷಧ ಕೊಟ್ಟಿದ್ದರು. “ಗುರುಗಳೇ, ಅವ್ವ ತಲೆಗೆ ಎಣ್ಣೆಯಿಟ್ಟು ತಟ್ಟಿದ ರಾತ್ರಿ ಮಾತ್ರ ಚೆನ್ನಾಗಿ ನಿದ್ದೆ ಬರುತ್ತದೆ. ಇದು ನನ್ನ ಭ್ರಮೆಯೋ?” ಎಂದರು.

ಭ್ರಮೆಯಲ್ಲವೆಂದೇ ನಾವು ಬಗೆಯುತ್ತೇವೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅಭ್ಯಂಗವನ್ನು ನಿತ್ಯವೂ, ಅದರಲ್ಲಿಯೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ವಿಧಿಸಿದ್ದಾನೆ. ಸುಖನಿದ್ರೆಯನ್ನು ಅದರ ಫಲಗಳಲ್ಲಿ ಎಣಿಸಿದ್ದಾನೆ. ಪ್ರಾಚೀನರು ಹೇಳಿದರೆಂಬ ಒಂದೇ ಕಾರಣಕ್ಕೆ ಒಪ್ಪಬೇಕಾಗಿಲ್ಲ. ಅಮೆರಿಕೆಯ ಮಯಾಮಿಯಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 26 ಮಂದಿ ವಯಸ್ಕರನ್ನು ಕುರ್ಚಿಯಲ್ಲಿ ಕೂರಿಸಿ, ವಾರಕ್ಕೆ ಎರಡು ಬಾರಿ 15 ನಿಮಿಷಗಳಂತೆ ಐದು ವಾರ ಅಂಗಮರ್ದನ ಮಾಡಿಸಿದರು. ಅವರ ಆತಂಕ ತಗ್ಗಿತು. ಲೆಕ್ಕಗಳನ್ನು ಬೇಗನೆ, ತಪ್ಪು ಕಡಿಮೆಯಾಗಿ ಮಾಡಿದರು. ಇದು 1996ರಲ್ಲಿ ಪ್ರಕಟವಾಯಿತು.

ಆದರೆ ಉತ್ಸಾಹಕ್ಕೆ ಕಡಿವಾಣವೂ ಬೇಕು. 2010ರಲ್ಲಿ ಸಿಯಾಟಲ್ ನಗರದಿಂದ ಬಂದ ಅಧ್ಯಯನದಲ್ಲಿ ಆತಂಕದ ಕಾಯಿಲೆಯ 68 ಮಂದಿಯಿದ್ದರು. ಕೆಲವರಿಗೆ ಮರ್ದನ, ಕೆಲವರಿಗೆ ಮೈಗೆ ಹಿತವಾದ ಶಾಖ. ಉಳಿದವರು ಮೃದುಸಂಗೀತವಿದ್ದ ಪ್ರಶಾಂತ ಕೋಣೆಯಲ್ಲಿ ಸುಮ್ಮನೆ ಮಲಗಿದರು. ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಚೇತರಿಸಿಕೊಂಡರು! ಅಂದರೆ ಗುಣ ಕೈಯದೋ, ಆ ಬಿಡುವಿನದೋ? ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದವರು 2016ರಲ್ಲಿ, ಬರಿದೆ ಹಗುರವಾಗಿ ಮುಟ್ಟುವುದಕ್ಕಿಂತ ಒತ್ತಡವುಳ್ಳ ಮರ್ದನವೇ ಮೇಲೆಂದು ಕಂಡರು. ಎರಡಕ್ಕೂ ಪಾಲಿದೆಯೆಂದು ನಮ್ಮ ಅಭಿಪ್ರಾಯ. ದೂರದರ್ಶನ ಗದ್ದಲ ಮಾಡುತ್ತಿರುವ ಕೋಣೆಯಲ್ಲಿ ಎಣ್ಣೆ ತಿಕ್ಕಿದರೇನು ಬಂತು?

ರೋಮವಿರುವ ಚರ್ಮದಲ್ಲಿ, ಮೆಲ್ಲನೆ ಸವರಿದಾಗ ಮಾತ್ರ ಚೆನ್ನಾಗಿ ಸ್ಪಂದಿಸುವ ನರತಂತುಗಳಿವೆ. ಅವಕ್ಕೆ ಒಪ್ಪುವ ವೇಗ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್. ಈ ಲೆಕ್ಕವನ್ನು ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ.

ಜ್ವರ, ಅಜೀರ್ಣವಿದ್ದಾಗ ಅಭ್ಯಂಗ ಬೇಡ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ತಿಕ್ಕದೆ ವೈದ್ಯರಿಗೆ ತೋರಿಸಬೇಕು, ರಕ್ತ ಹೆಪ್ಪುಗಟ್ಟಿರಬಹುದು. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುಗಿಸುವ ಅಭ್ಯಾಸವಂತೂ ಖಂಡಿತ ಕೂಡದು. ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ ಪೆಟ್ಟಾದೀತು. ಸ್ಪರ್ಶವನ್ನು ಒಲ್ಲದವರನ್ನು ಒತ್ತಾಯಿಸಲಾಗದು. ವೈದ್ಯರು ಬರೆದ ಮಾತ್ರೆಗಳನ್ನು ನಾವಾಗಿ ನಿಲ್ಲಿಸುವುದೂ ಸಲ್ಲದು.

ಆ ವ್ಯಾಪಾರಿಗಳು ಔಷಧ ಬಿಟ್ಟಿಲ್ಲ. ಎಪ್ಪತ್ತು ದಾಟಿದ ತಾಯಿಗೆ ಬೆರಳು ಸೆಳೆತವಾದ್ದರಿಂದ, ಈಗ ಕಾಲೇಜಿಗೆ ಹೋಗುವ ಮಗನೇ ಅಂಗಡಿ ಮುಚ್ಚಿದ ಮೇಲೆ ತಂದೆಯ ಪಾದಕ್ಕೆ ಎಣ್ಣೆ ತಿಕ್ಕುತ್ತಾನೆ. ಮೊದಲೆರಡು ದಿನ ಇಬ್ಬರಿಗೂ ಸಂಕೋಚವಾಯಿತಂತೆ. ಅದು ಮುಗಿದ ಮೇಲೆ ಅಜ್ಜಿಯ ಕೈಬೆರಳುಗಳ ಸರದಿ.