ಥರ್ಟೀನೋ, ಥರ್ಟಿಯೋ?

ದೂರವಾಣಿಯಲ್ಲಿ ‘ಥರ್ಟೀನ್’ ಎಂದದ್ದು ‘ಥರ್ಟಿ’ ಎಂದು ಕೇಳಿಸಿದರೆ ಹದಿನೇಳು ಪೆಟ್ಟಿಗೆ ಸರಕು ಹೆಚ್ಚುವರಿಯಾಗಿ ರವಾನೆಯಾಗುತ್ತದೆ. ಅದನ್ನು ಮರಳಿ ತರಿಸುವ ಸಾಗಣೆ ವೆಚ್ಚ ಸಣ್ಣ ಉದ್ಯಮಿಯ ಲಾಭವನ್ನೇ ನುಂಗಬಲ್ಲದು.

ಕನ್ನಡದಲ್ಲಿ ದನಿಯ ಒತ್ತು ಸ್ಥಳ ಬದಲಿಸಿದರೂ ಪದದ ಅರ್ಥ ಬದಲಾಗದು, ಇಂಗ್ಲಿಷಿನಲ್ಲಿ ಹಾಗಲ್ಲ. ‘ಥರ್ಟಿ’ಯಲ್ಲಿ ಮೊದಲ ಭಾಗವನ್ನು ಒತ್ತಿ, ಕೊನೆಯನ್ನು ಮೊಟಕುಗೊಳಿಸಬೇಕು. ‘ಥರ್ಟೀನ್’ ಎನ್ನುವಾಗ ಕೊನೆಯ ಭಾಗವನ್ನು ಒತ್ತಿ, ಎಳೆದು, ‘ನ್’ಕಾರವನ್ನು ಸ್ಪಷ್ಟವಾಗಿ ಉಚ್ಚರಿಸಬೇಕು. ಆದರೆ ‘ಥರ್ಟೀನ್ ಬಾಕ್ಸಸ್’ ಎಂದಾಗ ಒತ್ತು ಮುಂದಕ್ಕೆ ಸರಿಯುವುದರಿಂದ ಇಂಗ್ಲಿಷ್ ಮಾತೃಭಾಷೆಯವರೂ ಎಡವುವುದುಂಟು.

ವಿಮಾನಯಾನದ ರೇಡಿಯೊ ಸಂಭಾಷಣೆಯಲ್ಲಿ ‘ಫೈವ್’ನೊಡನೆ ಗೊಂದಲವಾಗದಂತೆ ‘ನೈನ್’ ಅನ್ನು ‘ನೈನರ್’ ಎನ್ನುವ ನಿಯಮವಿದೆ. ವ್ಯಾಪಾರದಲ್ಲಿಯೂ ಅಂಥ ಎಚ್ಚರ ಅಗತ್ಯ. ‘ಥರ್ಟೀನ್, ಒನ್-ತ್ರೀ’ ಎಂದು ಅಂಕಿಗಳನ್ನು ಬಿಡಿಸಿ ಹೇಳಿ, ಗ್ರಾಹಕರಿಂದ ಮರುನುಡಿಸಿ, ಲಿಖಿತ ದೃಢೀಕರಣ ಪಡೆದ ನಂತರವೇ ಸರಕು ಕಳುಹಿಸುವುದು ಕ್ಷೇಮಕರ.