ಸೈಕಲ್ ಚೈನಿಗೆ ಮೇಣ: ಮನೆಯಲ್ಲೇ ಮಾಡಿ ನೋಡಿ

ಪುಣೆ ‘ಸೈಕಲ್‌ಗಳ ಊರು’ ಎನಿಸಿಕೊಂಡಿದ್ದ ಕಾಲವೊಂದಿತ್ತು. 1869ರಲ್ಲಿ ಆರಂಭವಾದ ಖಡಕಿಯ ಮದ್ದುಗುಂಡು ಕಾರ್ಖಾನೆಯಂಥ ಕಡೆಗೆ ಸೈಕಲ್ ತುಳಿದೇ ಪಾಳಿಗೆ ಹೋದ ಹಿರಿಯರು ಬಹಳ. ಭಾನುವಾರ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುವುದು ಅವರಿಗೆ ರೂಢಿ. ಈಗ ನಮ್ಮ ಹುಡುಗ ಹುಡುಗಿಯರು ಮತ್ತೆ ಸೈಕಲ್ ಹಿಡಿದಿದ್ದಾರೆ. ಗಿಯರ್ ಸೈಕಲ್ಲಿಗೆ ಸಾವಿರಾರು ರೂಪಾಯಿ ಸುರಿದು, ಚೈನನ್ನು ಮಾತ್ರ ಮರೆಯುತ್ತಾರೆ.

ಎಣ್ಣೆಗೆ ಒಂದು ದೋಷವಿದೆ. ಹಳೆಯ ಮುಂಬಯಿ ರಸ್ತೆಯ ಧೂಳು ಅದಕ್ಕೆ ಅಂಟಿ ಕರಿ ಕೆಸರಾಗುತ್ತದೆ. ಕೊಂಡಿಗಳ ಒಳಗೆ ಸೇರಿ ಕಬ್ಬಿಣವನ್ನೇ ಅರೆಯುತ್ತದೆ. ಒಣಗಿದ ಮೇಣಕ್ಕೆ ಧೂಳು ಅಷ್ಟಾಗಿ ಅಂಟುವುದಿಲ್ಲ. ಹಿಮನಾಡಿನವರು ಸ್ಕೀ ಹಲಗೆಗೆ ಮೇಣ ಬಳಿಯುವುದು ಸರಾಗವಾಗಿ ಜಾರಲೆಂದು. ಇಲ್ಲಿಯೂ ಉದ್ದೇಶ ಘರ್ಷಣೆ ತಗ್ಗಿಸುವುದೇ.

ಮೊದಲು ಚೈನ್ ಲಾಕ್ ಬಿಚ್ಚಿ ಚೈನನ್ನು ಹೊರತೆಗೆಯಿರಿ. ಬಯಲಲ್ಲಿ ಕುಳಿತು, ಡಬ್ಬಿಯೊಂದರಲ್ಲಿ ಟರ್ಪಂಟೈನ್ ಹಾಕಿ ಅದರಲ್ಲಿ ಚೈನನ್ನು ಕುಲುಕಿರಿ. ದ್ರವ ತಿಳಿಯಾಗುವವರೆಗೆ ಎರಡು ಮೂರು ಬಾರಿ ಬದಲಿಸಿ. ಹೊಸ ಚೈನಿಗೂ ಇದು ಬೇಕು. ಅದರಲ್ಲಿ ಗ್ರೀಸ್ ಇರುತ್ತದೆ. ನಂತರ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ನೀರಿನ ಹನಿ ಉಳಿದರೆ ಬಿಸಿ ಮೇಣ ಸಿಡಿಯುತ್ತದೆ.

ಅರ್ಧ ಕಿಲೋ ಪ್ಯಾರಾಫಿನ್ ಮೇಣವನ್ನು ಅಡುಗೆಗೆ ಬಳಸದ ಹಳೆಯ ಡಬ್ಬಿಯಲ್ಲಿ ಹಾಕಿ, ಕುದಿಯುವ ನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನೇರ ಉರಿಯ ಮೇಲೆ ಎಂದೂ ಇಡಬೇಡಿ, ಮೇಣ ಹೊತ್ತಿಕೊಂಡೀತು. ಟರ್ಪಂಟೈನ್ ಒಲೆಯ ಹತ್ತಿರ ಸುಳಿಯಲೇಬಾರದು. ಚಿಕ್ಕವರು ಈ ಕೆಲಸ ಮಾಡುವಾಗ ಮನೆಯ ಹಿರಿಯರೊಬ್ಬರು ಜೊತೆಗಿರಲಿ.

ಚೈನನ್ನು ತಂತಿಗೆ ಪೋಣಿಸಿ ಮುಳುಗಿಸಿ, ಹದಿನೈದು ನಿಮಿಷ ಆಗಾಗ ಅಲ್ಲಾಡಿಸಿ. ಒಲೆ ಆರಿಸಿ, ಮೇಣದ ಮೇಲೆ ತೆಳು ಕೆನೆ ಕಟ್ಟುವಾಗ ಎತ್ತಿ ಮೊಳೆಗೆ ನೇತುಹಾಕಿ. ಆರಿದ ಮೇಲೆ ಕೋಲಿನಂತೆ ಬಿಗಿದಿರುತ್ತದೆ. ಒಂದೊಂದೇ ಕೊಂಡಿಯನ್ನು ಬಾಗಿಸಿ ಸಡಿಲಿಸಿ, ಜೋಡಿಸಿ. ಉಳಿದ ಮೇಣ ಮುಂದಿನ ಸಲಕ್ಕಾಗುತ್ತದೆ, ಸಿಂಕಿಗೆ ಸುರಿಯಬೇಡಿ.

ಒಣ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರಿಗೊಮ್ಮೆ ಹೀಗೆ ಮಾಡಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮೇಣ ಬೇಗ ಹೋಗುತ್ತದೆ, ತುಕ್ಕು ಹಿಡಿಯುತ್ತದೆ. ಆಗ ಎಣ್ಣೆಯೇ ವಾಸಿ, ಹಿರಿಯರ ಕ್ರಮವೇ ಸರಿ.

ಜೊತೆಗೆ ಒಂದು ಅಳತೆ ನೆನಪಿಡಿ. ಚೈನಿನ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. 24 ಕೊಂಡಿಗೆ ಸರಿಯಾಗಿ 12 ಇಂಚು. ಸ್ಟೀಲ್ ಸ್ಕೇಲ್ ಇಟ್ಟಾಗ ಒಂದು ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಿದ್ದರೆ ಚೈನ್ ಸವೆದಿದೆ, ಬದಲಿಸಿ. ಇಲ್ಲವಾದರೆ ಅದು ಫ್ರೀವೀಲಿನ ಹಲ್ಲುಗಳನ್ನೂ ತಿನ್ನುತ್ತದೆ. ಏರಿನಲ್ಲಿ ಎದ್ದುನಿಂತು ತುಳಿಯುವಾಗ ಅದು ಹಲ್ಲು ತಪ್ಪಿ ಜಾರಿದರೆ, ಹಿಂದೆ ಬರುವ ಲಾರಿಯ ಮುಂದೆ ಬೀಳುವವರು ನೀವೇ.

ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ವಿಜಯಪುರ, ಬಾಗಲಕೋಟೆಗಳ ನೆಲವೂ ಧೂಳಿನದೇ. ರಜೆಗೆ ಆ ಕಡೆ ಹೋಗುವವರು ಈ ವಿದ್ಯೆಯನ್ನು ಅಲ್ಲಿನ ಅಣ್ಣತಮ್ಮಂದಿರಿಗೂ ತೋರಿಸಿ.